ಮೊದಲು ಕೇಳುವುದು, ಆಮೇಲೆ ಹೇಳುವುದು


*ಇಂದಿನ ಧಮ್ಮ ಚಿಂತನೆ, ಬಾಳೆಹೊಸೂರ*

ಧಮ್ಮ ಬಂಧುಗಳೇ,

ಸಮ್ಮಾ ವಾಚಾ ಎಂದರೆ ಸುಳ್ಳು, ಚಾಡಿ, ಬಿರುನುಡಿ, ಹರಟೆ ಬಿಡುವುದು ಎಂದು ಓದಿದ್ದೇವೆ. ಇಂದು ಅದರ ಇನ್ನೊಂದು ಮುಖ ನೋಡೋಣ. ನೊಂದವರು ನಮ್ಮ ಹತ್ತಿರ ಬಂದು ಕೂತಾಗ ನಮ್ಮ ಮಾತು ಹೇಗಿರಬೇಕು? ಆಪ್ತಸಮಾಲೋಚಕರು ಕಲಿಯುವ ಮೊದಲ ಪಾಠವೂ ಇದೇ.

*ಪಟಾಚಾರಾ*
ಶ್ರಾವಸ್ತಿಯ ಪಟಾಚಾರಾ ಗಂಡ, ಇಬ್ಬರು ಮಕ್ಕಳು, ತಂದೆ-ತಾಯಿ, ಒಡಹುಟ್ಟಿದವನು ಎಲ್ಲರನ್ನೂ ಕಳೆದುಕೊಂಡು, ಮೈಮೇಲಿನ ಬಟ್ಟೆಯ ಅರಿವೂ ಇಲ್ಲದೆ ಅಲೆದಳು. ಜನ ಹುಚ್ಚಿ ಎಂದು ಅಟ್ಟಿದರು. ಜೇತವನದಲ್ಲೂ ತಡೆಯಲು ಹೋದರು. ಬುದ್ಧರು ಬರಗೊಟ್ಟರು. ತಂಗಿ ಎಂದು ಕರೆದು, ಅರಿವು ತಂದುಕೋ ಎಂದರು. ಒಬ್ಬ ತನ್ನ ಮೇಲುವಸ್ತ್ರ ಕೊಟ್ಟ. ಅವಳು ತನ್ನ ದುಃಖವನ್ನೆಲ್ಲ ಹೇಳಿಕೊಂಡಳು. ಉಪದೇಶ ಬಂದದ್ದು ಆಮೇಲೆ. ಮುಂದೆ ಅವಳು ವಿನಯದಲ್ಲಿ ಅಗ್ರಳಾದ ಭಿಕ್ಖುಣಿಯಾದಳು.

ಕ್ರಮ ಗಮನಿಸಿ: ಬರಗೊಡುವುದು, ಸ್ತಿಮಿತಕ್ಕೆ ತರುವುದು, ಮಾನ ಕಾಯುವುದು, ಕೇಳುವುದು, ಕೊನೆಗೆ ಹೇಳುವುದು. ನಾವು ಬಹಳ ಸಲ ಕೊನೆಯದರಿಂದಲೇ ಶುರು ಮಾಡುತ್ತೇವೆ.

ಬಾಬಾಸಾಹೇಬರ ‘ಬುದ್ಧ ಮತ್ತು ಆತನ ಧಮ್ಮ’ ಮೂಲ ಇಂಗ್ಲಿಷಿನಲ್ಲಿ ಅಚ್ಚಾದ 1957ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಒಂದು ಪ್ರಸಿದ್ಧ ಲೇಖನ ಬರೆದರು. ಕೇಳುವವನಲ್ಲಿ ತೋರಿಕೆ ಇರಬಾರದು, ಎದುರಿನವರನ್ನು ಷರತ್ತಿಲ್ಲದೆ ಗೌರವಿಸಬೇಕು, ಅವರ ಜಾಗದಲ್ಲಿ ನಿಂತು ತಿಳಿಯಬೇಕು ಎಂಬುದು ಅದರ ತಿರುಳು.

*ರೂಢಿಗೆ ನಾಲ್ಕು*

1. *ಮೊಬೈಲ್ ಬದಿಗಿಡಿ, ನಡುವೆ ಬಾಯಿ ಹಾಕಬೇಡಿ.* ಅವರು ಸುಮ್ಮನಾದರೆ ನೀವೂ ಸ್ವಲ್ಪ ಸುಮ್ಮನಿರಿ.

2. *ಹೌದು-ಇಲ್ಲ ಎಂದು ಮುಗಿಯದ ಪ್ರಶ್ನೆ ಕೇಳಿ.* ‘ಮಗ ಊಟ ಬಿಟ್ಟಾನ, ಮಾತಾಡವಲ್ಲ’ ಎಂದು ತಾಯಿ ಬಂದರೆ ‘ಎಲ್ಲಾ ಸರಿ ಹೋಗತೈತಿ ಬಿಡಕ್ಕಾ’ ಎಂದರೆ ಮಾತು ಅಲ್ಲಿಗೇ ಮುಗಿಯಿತು. ‘ಯಾವಾಗಿಂದ ಹಿಂಗ ಅದಾನ? ಏನೇನಾತು ಹೇಳಕ್ಕಾ’ ಎಂದರೆ ಬಾಗಿಲು ತೆರೆಯಿತು.

3. *ಕೇಳಿದ್ದನ್ನು ತಿರುಗಿ ಹೇಳಿ.* ‘ಎಲ್ಲಾರ ಮುಂದ ಹಂಗ ಅಂದದ್ದು ನಿನಗ ಬಾಳ ನೋವಾಗೈತಿ, ಹೌದಿಲ್ಲೋ ತಮ್ಮಾ?’ ತಪ್ಪಾಗಿ ತಿಳಿದಿದ್ದರೆ ಅವನೇ ತಿದ್ದುತ್ತಾನೆ.

4. *ಗುಟ್ಟು ಕಾಯಿರಿ.* ವಿಹಾರದಲ್ಲಿ ಕೇಳಿದ್ದು ಚಹಾದಂಗಡಿಗೆ ಹೋಗಬಾರದು. ಜೀವಕ್ಕೆ ಅಪಾಯವಿದ್ದಾಗ ಮಾತ್ರ, ಅಗತ್ಯವಿದ್ದವರಿಗೆ ಅಗತ್ಯವಿದ್ದಷ್ಟೇ ತಿಳಿಸಿ.

*ನಾವು ಆಡಬಾರದ ಮಾತು*
‘ನಿನ್ನ ಹಣೆಬರಹ’, ‘ಹೋದ ಜನ್ಮದ ಕರ್ಮ’. ಹಿಂದಿನ ಜನ್ಮದ ಕರ್ಮದಿಂದ ಈಗಿನ ಬಡತನ, ಕೀಳು ಸ್ಥಿತಿ ಬಂತು ಎಂಬ ವಾದವನ್ನು ಬಾಬಾಸಾಹೇಬರು ಬುದ್ಧರ ಬೋಧೆಯಲ್ಲ ಎಂದು ತಳ್ಳಿಹಾಕಿದರು. ಜಾತಿಯ ಅವಮಾನ ಉಂಡು ಬಂದವನಿಗೆ ‘ಮನಸ್ಸಿಗೆ ಹಚ್ಚಿಕೋಬೇಡ’ ಎಂದರೆ ತಪ್ಪು ಅವನ ಮನಸ್ಸಿನದು ಎಂದಂತಾಯಿತು. ನೋವು ಅವನ ಒಳಗಿದೆ, ಕಾರಣ ಹೊರಗಿದೆ. ಮೊದಲು ನೋವು ಕೇಳಬೇಕು. ಆಮೇಲೆ ದೂರು, ಕಾನೂನು, ಸಂಘಟನೆ ಯಾವುದು ಬೇಕೆಂದು ಅವನ ಜೊತೆ ಕೂತು ಯೋಚಿಸಬೇಕು. ಆಯ್ಕೆ ಅವನದೇ. ಸಮಾಧಾನ ಹೇಳುವುದೆಂದರೆ ಅನ್ಯಾಯಕ್ಕೆ ಒಗ್ಗಿಸುವುದಲ್ಲ.

ಇದು ದೊಡ್ಡ ಓದಿದವರ ಕೆಲಸ ಮಾತ್ರ ಎಂದುಕೊಳ್ಳಬೇಡಿ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟಿತು. ಆ ಮಾದರಿಯೇ 1996ರಿಂದ ದೇಶದ ಬೇರೆ ಜಿಲ್ಲೆಗಳಿಗೂ ಹೋಯಿತು.

ನಮ್ಮ ಮಿತಿಯೂ ಗೊತ್ತಿರಲಿ. ಬದುಕು ಸಾಕು ಎಂಬ ಮಾತು ಬಂದರೆ ‘ಸಾಯೋ ವಿಚಾರ ಬಂದೈತೇನು?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ವಿಚಾರ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬೇಡಿ, ಕ್ರಿಮಿನಾಶಕ ಕೈಗೆ ಸಿಗದಂತೆ ಇಡಿ. *ಟೆಲಿ ಮಾನಸ್ 14416*ಕ್ಕೆ ಕರೆ ಮಾಡಿ. ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆಯಿದೆ.

*ಇಂದಿನ ಅಭ್ಯಾಸ:* ಮನೆಯಲ್ಲಿ ಒಬ್ಬರ ಮಾತನ್ನು ಹತ್ತು ನಿಮಿಷ, ಬುದ್ಧಿವಾದ ಹೇಳದೆ, ಪೂರ್ತಿ ಕೇಳಿ.

ಭವತು ಸಬ್ಬ ಮಂಗಲಂ 🪷
ಜೈ ಭೀಮ್ 💙