ಭಾಷಾಭೂಪಟ ಮತ್ತು ಯಂತ್ರದ ಕಲಿಕೆ

ಭೂಪಟವು ನೆಲದ ಯಥಾವತ್ ಪ್ರತಿಬಿಂಬವೆಂಬ ಭಾವನೆ ಸಾಮಾನ್ಯವಾಗಿದೆ. ವಸ್ತುತಃ ಅದು ಆಯ್ಕೆಗಳ ಫಲ. ಏನನ್ನು ಎಣಿಸಬೇಕು, ಯಾವ ಗಡಿಯೊಳಗೆ ಕೂಡಿಸಬೇಕು, ಹೇಗೆ ತೋರಿಸಬೇಕು ಎಂಬ ಮೂರು ನಿರ್ಧಾರಗಳು ಅದರ ಹಿಂದಿರುತ್ತವೆ. ಈ ಕಾರ್ಯವನ್ನು ಗಣಕದ ಮೂಲಕ ನಡೆಸುವ ಭೌಗೋಳಿಕ ಮಾಹಿತಿ ವಿಜ್ಞಾನದಲ್ಲಿ ಈಗ ಕೃತಕ ಬುದ್ಧಿಮತ್ತೆಯೂ ಸೇರಿಕೊಂಡಿದೆ. ಗಡಿನಾಡಿನ ಕನ್ನಡವನ್ನು ಅಭ್ಯಸಿಸುವವರು ಇದರ ರೀತಿಯನ್ನು ಅರಿಯುವುದು ಅವಶ್ಯ.

ಎಣಿಕೆ: 2011ರ ಜನಗಣತಿಯಲ್ಲಿ ಜನರು ಹೇಳಿದ ಮಾತೃಭಾಷೆಯ ಹೆಸರುಗಳು 19,569. ಪರಿಷ್ಕರಣದ ತರುವಾಯ ಅವು 1,369 ಮಾತೃಭಾಷೆಗಳಾದವು. 10,000ಕ್ಕಿಂತ ಕಡಿಮೆಯಿಲ್ಲದಷ್ಟು ಭಾಷಿಕರಿರುವ ಭಾಷೆಗಳ ಪಟ್ಟಿಯಲ್ಲಿ 121 ಉಳಿದವು. ನೀಲಗಿರಿಯ ಬಡಗ ನುಡಿಯನ್ನು ಈ ಗಣತಿ ಕನ್ನಡದ ಅಡಿಯಲ್ಲಿ ಸೇರಿಸಿದೆ. ಬಡಗವನ್ನು ಸ್ವತಂತ್ರ ಭಾಷೆಯೆಂದು ಪರಿಗಣಿಸುವ ಭಾಷಾವಿಜ್ಞಾನಿಗಳೂ ಇದ್ದಾರೆ. ಬಣ್ಣ ತುಂಬುವ ಮೊದಲೇ ಒಂದು ವಾದದ ತೀರ್ಪು ಅಂಕಿಯೊಳಗೆ ಅಡಗಿರುತ್ತದೆ.

ಗಡಿ: ಆಡಳಿತ ಘಟಕಗಳಿಗೆ ಛಾಯೆ ತುಂಬುವ ಪದ್ಧತಿಯನ್ನು ಫ್ರಾನ್ಸಿನ ಶಾರ್ಲ್ ದ್ಯುಪೆಂ 1826ರಲ್ಲಿ ಶಿಕ್ಷಣದ ಸ್ಥಿತಿಯನ್ನು ತೋರಿಸಲು ಬಳಸಿದನು. ಇದರ ದೋಷವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಗಡಿಯಾಚೆಯ ಒಂದು ತಾಲೂಕಿನಲ್ಲಿ ತಲಾ 1,000 ಜನರ ಹತ್ತು ಊರುಗಳಿವೆಯೆನ್ನೋಣ. ಮೂರು ಊರುಗಳಲ್ಲಿ ತಲಾ 900, ಉಳಿದ ಏಳರಲ್ಲಿ ತಲಾ 100 ಕನ್ನಡಿಗರಿದ್ದರೆ ಒಟ್ಟು 3,400, ಅಂದರೆ ಶೇಕಡಾ 34. ಬಹುಸಂಖ್ಯಾತರ ಭಾಷೆಯನ್ನಷ್ಟೇ ತೋರುವ ತಾಲೂಕು ಭೂಪಟದಲ್ಲಿ ಕನ್ನಡದ ಸುಳಿವಿಲ್ಲ; ಊರುವಾರು ಭೂಪಟದಲ್ಲಿ ಮೂರು ಕನ್ನಡದ ಊರುಗಳು ಎದ್ದು ಕಾಣುತ್ತವೆ. ಜನರು ಅವರೇ, ಬದಲಾದುದು ಗೆರೆ ಮಾತ್ರ. ಈ ಸಮಸ್ಯೆಯನ್ನು ಭೂಗೋಳಶಾಸ್ತ್ರಜ್ಞ ಸ್ಟ್ಯಾನ್ ಓಪನ್‌ಶಾ 1984ರ ಕಿರುಗ್ರಂಥದಲ್ಲಿ ವಿಶದಪಡಿಸಿದ್ದಾನೆ.

ಕಲಿಕೆ: ಕೃತಕ ಬುದ್ಧಿಮತ್ತೆಗೆ ನಿಯಮವನ್ನು ಬೋಧಿಸುವುದಕ್ಕಿಂತ ಉದಾಹರಣೆಗಳನ್ನು ಒದಗಿಸುವುದೇ ಹೆಚ್ಚು. ‘ಇದು ಕೆರೆ, ಇದು ಹೊಲ’ ಎಂದು ಗುರುತು ಹಚ್ಚಿದ ಉಪಗ್ರಹ ಚಿತ್ರಗಳಿಂದ ಅದು ಹೊಸ ಚಿತ್ರದಲ್ಲಿ ಕೆರೆಯನ್ನು ಊಹಿಸಲು ಕಲಿಯುತ್ತದೆ. ಊರಹೆಸರುಗಳಿಂದ ಭಾಷೆಯನ್ನು ಊಹಿಸುವುದನ್ನೂ ಹೀಗೆಯೇ ಕಲಿಸಬಹುದು. ಸ್ಥಳನಾಮಗಳ ಆಧಾರದಿಂದ ಮಹಾರಾಷ್ಟ್ರದಲ್ಲಿ ಕನ್ನಡದ ಕುರುಹುಗಳನ್ನು ಅರಸಿದ ಶಂ.ಬಾ. ಜೋಶಿಯವರ ಹಾದಿಗೆ ಇದು ಹೊಸ ಸಾಧನವಾಗಬಲ್ಲದು.

ಆದರೆ ಯಂತ್ರಕ್ಕೆ ದೊರೆಯುವ ಹೆಸರು ಯಾವುದು? ಕನ್ನಡದ ಬಾಯಲ್ಲಿ ‘ಅಕ್ಕಲಕೋಟೆ’ ಆಗಿರುವುದು ಮರಾಠಿಯಲ್ಲಿ ‘ಅಕ್ಕಲಕೋಟ್’, ‘ಜತ್ತ’ವು ‘ಜತ್’, ‘ಸೊಲ್ಲಾಪುರ’ವು ‘ಸೋಲಾಪೂರ್’. ಕನ್ನಡದ ಪದಾಂತ್ಯ ಸ್ವರವೂ ದ್ವಿತ್ವವೂ ದಫ್ತರದ ಬರಹದಲ್ಲಿ ಲೋಪವಾಗಿವೆ. ದಫ್ತರದ ರೂಪವನ್ನಷ್ಟೇ ಕಂಡ ಯಂತ್ರವು ಇವನ್ನು ಮರಾಠಿಯೆಂದು ವರ್ಗೀಕರಿಸಿದರೆ ಅಚ್ಚರಿಯಿಲ್ಲ. ಆ ಫಲಿತಾಂಶವನ್ನು ಮುಂದಿನ ಯಂತ್ರಕ್ಕೆ ಉದಾಹರಣೆಯಾಗಿ ಕೊಟ್ಟರೆ ಲೋಪವೇ ಪ್ರಮಾಣವಾಗುತ್ತದೆ. ಇದರ ವಿಪರ್ಯಾಸವೂ ಅಷ್ಟೇ ಅಪಾಯಕರ: ಹೆಸರು ಕನ್ನಡವಾದ ಮಾತ್ರಕ್ಕೆ ಇಂದಿನ ಜನರೂ ಕನ್ನಡಿಗರೆಂದು ಸಿದ್ಧವಾಗದು. ಹೆಸರು ಇತಿಹಾಸದ ಸಾಕ್ಷಿ. ಗಣತಿ ವರ್ತಮಾನದ ಸಾಕ್ಷಿ.

ಪ್ರದರ್ಶನ: ಒಂದೇ ಬಣ್ಣಕ್ಕೆ ಬದಲಾಗಿ ಇಂತಿಷ್ಟು ಜನರಿಗೊಂದು ಚುಕ್ಕೆಯಿಟ್ಟರೆ ಎರಡು ನುಡಿಗಳ ಸಹವಾಸ ಕಾಣುತ್ತದೆ. ಯಂತ್ರದ ಊಹೆ ದುರ್ಬಲವಿದ್ದಲ್ಲಿ ಬಣ್ಣವನ್ನು ತಿಳಿಯಾಗಿಸಿ ಸಂದೇಹವನ್ನೂ ತೋರಿಸಬಹುದು. ಗಾಢವರ್ಣದಲ್ಲಿ ಮುದ್ರಿತವಾದ ಊಹೆಯು ಓದುಗನಿಗೆ ಸತ್ಯದಂತೆಯೇ ತೋರುತ್ತದೆ.

ಇಲ್ಲಿಯೇ ಭಾಷಾ ವಿದ್ಯಾರ್ಥಿಯ ಪಾತ್ರವಿದೆ. ಊರಿನ ಹೆಸರನ್ನು ಹಿರಿಯರು ಉಚ್ಚರಿಸುವಂತೆ ಕನ್ನಡ ಲಿಪಿಯಲ್ಲಿ ಬರೆದು, ದಫ್ತರದ ರೂಪವನ್ನು ಪಕ್ಕದಲ್ಲಿಟ್ಟು, ಹೊಲ, ಹಳ್ಳ, ಗುಡಿಗಳ ಹೆಸರುಗಳನ್ನೂ ಸೇರಿಸಿದ ಪಟ್ಟಿಯೇ ಯಂತ್ರಕ್ಕೆ ಬೇಕಾದ ಪಾಠ. ಗಣಕ ತಜ್ಞನಿಗೆ ಅದು ಉಪಗ್ರಹದಿಂದ ದೊರೆಯದು.

ಅಭ್ಯಾಸ
1. ನಿಮ್ಮ ಊರಿನ ಸುತ್ತಲಿನ ಹತ್ತು ಸ್ಥಳನಾಮಗಳ ಆಡುರೂಪ ಹಾಗೂ ದಫ್ತರದ ರೂಪಗಳನ್ನು ಬರೆದು, ಧ್ವನಿವ್ಯತ್ಯಾಸಗಳನ್ನು ವರ್ಗೀಕರಿಸಿರಿ.
2. ಮೇಲಿನ ಕಲ್ಪಿತ ತಾಲೂಕನ್ನು ಬಣ್ಣದಿಂದಲೂ ಚುಕ್ಕೆಗಳಿಂದಲೂ ಚಿತ್ರಿಸಿ ಹೋಲಿಸಿರಿ.