ಮಾಂಸಖಂಡ ಜಜ್ಜಿದಾಗ ಮೂತ್ರಪಿಂಡಕ್ಕೆ ಒದಗುವ ಅಪಾಯ

ಮಳೆಗಾಲದಲ್ಲಿ ನೆನೆದ ಮಣ್ಣಿನ ಗೋಡೆಯೊಂದು ಕುಸಿದು, ಮನೆಯ ಯಜಮಾನನ ತೊಡೆ ಅದರಡಿ ಸಿಕ್ಕಿಕೊಂಡಿತೆಂದು ಭಾವಿಸಿರಿ. ಮೂರು ನಾಲ್ಕು ತಾಸುಗಳ ಅನಂತರ ನೆರೆಹೊರೆಯವರು ಮಣ್ಣನ್ನು ಸರಿಸಿ ಅವನನ್ನು ಹೊರಕ್ಕೆ ತೆಗೆಯುತ್ತಾರೆ. ಮೂಳೆ ಮುರಿದಿಲ್ಲ, ರಕ್ತವೂ ಹರಿದಿಲ್ಲ. ಅವನು ಮಾತನಾಡುತ್ತಾನೆ, ನೀರು ಕೇಳುತ್ತಾನೆ. ಗಂಡಾಂತರ ಕಳೆಯಿತೆಂದು ಎಲ್ಲರೂ ಸಮಾಧಾನಪಡುತ್ತಾರೆ. ಆದರೆ ನಿಜವಾದ ಅಪಾಯವು ಅನೇಕ ವೇಳೆ ಆರಂಭವಾಗುವುದು ಆ ಗಳಿಗೆಯಿಂದಲೇ. ರಾತ್ರಿಯ ಹೊತ್ತಿಗೆ ತೊಡೆ ಬಿಗಿದು ಊದಿಕೊಳ್ಳುತ್ತದೆ. ಮೂತ್ರವು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿ, ಸ್ವಲ್ಪ ಸ್ವಲ್ಪವೇ ಬರುತ್ತದೆ.

ಇದರ ಕಾರಣವನ್ನು ನೀವಿಬ್ಬರೂ ತಿಳಿದಿರುವುದು ಅಗತ್ಯ. ನಮ್ಮ ಮಾಂಸಖಂಡಗಳಲ್ಲಿ ಮಯೋಗ್ಲೋಬಿನ್ ಎಂಬ ಕೆಂಪು ಬಣ್ಣದ ವಸ್ತುವೂ ಪೊಟ್ಯಾಸಿಯಂ ಎಂಬ ಲವಣವೂ ತುಂಬಿರುತ್ತವೆ. ಮಾಂಸಖಂಡ ಜಜ್ಜಿ ಸತ್ತಾಗ ಇವು ಹೊರಬೀಳುತ್ತವೆ. ಭಾರವು ಮೇಲಿರುವವರೆಗೆ ಅಲ್ಲಿಯೇ ತಡೆದು ನಿಂತಿದ್ದು, ಭಾರವನ್ನು ತೆಗೆದ ಕೂಡಲೆ ರಕ್ತದೊಡನೆ ಶರೀರವನ್ನೆಲ್ಲ ಸೇರುತ್ತವೆ. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯವು ಹಠಾತ್ತನೆ ನಿಲ್ಲಬಹುದು. ಮಯೋಗ್ಲೋಬಿನ್ ಮೂತ್ರಪಿಂಡಗಳಿಗೆ ಹೋಗಿ, ಅಲ್ಲಿಯ ಅತಿ ಸೂಕ್ಷ್ಮ ನಾಳಗಳನ್ನು ಕಟ್ಟಿ ಕೆಡಿಸುತ್ತದೆ. ಮುಷ್ಟಿಯಷ್ಟೇ ಗಾತ್ರದ ಈ ಎರಡು ಅಂಗಗಳು ದಿನಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ಸೋಸಿ, ಒಂದೆರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಇದಲ್ಲದೆ ಊದಿದ ತೊಡೆಯು ರಕ್ತದ ನೀರನ್ನು ಹೀರಿಕೊಳ್ಳುವುದರಿಂದ ಮೂತ್ರಪಿಂಡಗಳಿಗೆ ರಕ್ತವೇ ಸಾಲದಾಗುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಲಂಡನ್ ನಗರದ ಮೇಲೆ ಬಾಂಬುಗಳು ಬಿದ್ದು, ಕಟ್ಟಡಗಳಡಿ ಸಿಕ್ಕಿದವರಲ್ಲಿ ಕೆಲವರು ಹೊರಬಂದು ಚೇತರಿಸಿಕೊಂಡಂತೆ ಕಂಡರೂ ಕೆಲವೇ ದಿನಗಳಲ್ಲಿ ಮೂತ್ರ ಕಟ್ಟಿ ಮೃತಪಟ್ಟರು. 1941ರಲ್ಲಿ ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು ಇಂತಹ ನಾಲ್ವರ ವಿವರವನ್ನು ಪ್ರಕಟಿಸಿದರು. 1999ರಲ್ಲಿ ತುರ್ಕಿ ದೇಶದಲ್ಲಿ ಭೂಕಂಪವಾದಾಗ ಇದೇ ಕಾರಣದಿಂದ ಆರುನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡ ಕೆಟ್ಟಿತು. ಡಯಾಲಿಸಿಸ್ ಯಂತ್ರದ ನೆರವಿದ್ದುದರಿಂದ ಅವರಲ್ಲಿ ಬಹುಪಾಲು ಜನ ಬದುಕಿದರು.

ಗೋಡೆ ಬೀಳಬೇಕೆಂಬುದೇನೂ ಇಲ್ಲ. ವಿದ್ಯುತ್ ತಂತಿ ತಗುಲಿದವರು, ಟ್ರ್ಯಾಕ್ಟರಿನಡಿ ಸಿಕ್ಕಿದವರು, ಹೆಜ್ಜೇನು ಮುತ್ತಿ ಮೈತುಂಬ ಕಚ್ಚಿಸಿಕೊಂಡವರು, ಬಿಡದೆ ಫಿಟ್ಸ್ ಬಂದವರು, ಉರಿಬಿಸಿಲಿನಲ್ಲಿ ದುಡಿದು ಕುಸಿದವರು, ಪ್ರಜ್ಞೆ ತಪ್ಪಿ ಬಹು ಹೊತ್ತು ಒಂದೇ ಮಗ್ಗುಲಲ್ಲಿ ಬಿದ್ದಿದ್ದವರು, ಇವರೆಲ್ಲರಲ್ಲಿಯೂ ಮಾಂಸಖಂಡ ಹೀಗೆಯೇ ಕರಗಬಹುದು.

ಬಹಳ ಹೊತ್ತು ಭಾರದಡಿ ಸಿಕ್ಕಿದವರಿದ್ದಲ್ಲಿ ಮೊದಲು 108ಕ್ಕೆ ಕರೆ ಮಾಡಿಸಿರಿ. ಸಾಧ್ಯವಾದರೆ ಭಾರವನ್ನು ತೆಗೆಯುವ ಮೊದಲೇ ಸಲೈನ್ ಹಾಕುವುದು ಉತ್ತಮ. ಆದರೆ ಎದೆ ಅಮುಕಿ ಉಸಿರುಗಟ್ಟುತ್ತಿದ್ದರೆ ಯಾರಿಗಾಗಿಯೂ ಕಾಯಲಾಗದು. ಊದಿದ ಭಾಗಕ್ಕೆ ಎಣ್ಣೆ ಹಚ್ಚಿ ತಿಕ್ಕಬೇಡಿರಿ. ಅಂಗಡಿಯ ನೋವಿನ ಮಾತ್ರೆ ಕೊಡಬೇಡಿರಿ. ಅವುಗಳಲ್ಲಿ ಹಲವು ಮೂತ್ರಪಿಂಡಕ್ಕೆ ಮತ್ತಷ್ಟು ಕೇಡು. ನಮ್ಮಲ್ಲಿ ಯಾರೇ ಬಳಲಿದರೂ ಪ್ರೀತಿಯಿಂದ ಎಳನೀರು ಕೊಡುವ ರೂಢಿಯಿದೆ. ಬೇರೆ ವೇಳೆಯಲ್ಲಿ ಅದು ಒಳ್ಳೆಯದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚಾಗಿರುವುದರಿಂದ ಇಲ್ಲಿ ಅದು ಸಲ್ಲದು. ಪ್ರಜ್ಞೆಯಿದ್ದು, ವಾಂತಿಯಾಗಲಿ ಹೊಟ್ಟೆಯ ಪೆಟ್ಟಾಗಲಿ ಇಲ್ಲದಿದ್ದರೆ ಬರಿಯ ನೀರನ್ನು ಗುಟುಕು ಗುಟುಕಾಗಿ ಕುಡಿಸಬಹುದು.

ಮೂತ್ರದ ಬಣ್ಣವನ್ನು ವೈದ್ಯರಿಗೆ ಹೇಳಲು ಅನೇಕರು ನಾಚುತ್ತಾರೆ, ಹೆಂಗಸರಂತೂ ಗಂಡನಿಗೂ ಹೇಳುವುದಿಲ್ಲ. ಗಂಡ ಹೆಂಡಿರ ನಡುವೆ ಈ ಸಂಕೋಚ ಬೇಡ. ಕೊನೆಯ ಬಾರಿ ಮೂತ್ರ ಯಾವಾಗ ಬಂದಿತು, ಎಷ್ಟು, ಯಾವ ಬಣ್ಣ ಎಂಬುದನ್ನು ಜೊತೆಗೆ ಹೋದವರು ತಿಳಿಸಿದರೆ ಚಿಕಿತ್ಸೆಗೆ ಅಮೂಲ್ಯವಾದ ಹೊತ್ತು ಉಳಿಯುತ್ತದೆ. ಪರೀಕ್ಷಾ ಪಟ್ಟಿಯು ಮೂತ್ರದಲ್ಲಿ ರಕ್ತವಿದೆಯೆಂದು ತೋರಿಸಿ, ಸೂಕ್ಷ್ಮದರ್ಶಕದಲ್ಲಿ ರಕ್ತಕಣಗಳು ಕಾಣದಿದ್ದರೆ ವೈದ್ಯರು ಇದನ್ನು ಸಂಶಯಿಸುತ್ತಾರೆ, ಸಿ.ಕೆ. ಎಂಬ ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಗಂಟೆಗೆ 200ರಿಂದ 300 ಮಿಲಿಲೀಟರ್ ಮೂತ್ರ ಹರಿಯುವಂತೆ ಸಲೈನ್ ಕೊಡುತ್ತಾರೆ. ಮೂತ್ರ ಪೂರ್ತಿ ನಿಂತಿದ್ದರೆ ಮಾತ್ರ ಸಲೈನ್ ಏರಿಸುತ್ತ ಹೋಗಲಾಗದು, ಶ್ವಾಸಕೋಶದಲ್ಲಿ ನೀರು ತುಂಬೀತು.

ಡಯಾಲಿಸಿಸ್ ಎಂಬ ಮಾತು ಕೇಳಿದೊಡನೆ ಜೀವಮಾನವೆಲ್ಲ ಯಂತ್ರದ ಮೇಲೆಯೇ ಎಂದು ಹೆದರಿ, ರೋಗಿಯನ್ನು ಮನೆಗೆ ಕರೆದೊಯ್ಯುವವರಿದ್ದಾರೆ. ಇಂತಹ ರೋಗಿಗಳಲ್ಲಿ ಅದು ಸಾಮಾನ್ಯವಾಗಿ ಕೆಲವು ವಾರಗಳ ಆಸರೆ ಮಾತ್ರ. ಬದುಕುಳಿದವರಲ್ಲಿ ಹೆಚ್ಚಿನವರ ಮೂತ್ರಪಿಂಡ ಮತ್ತೆ ಕೆಲಸ ಮಾಡತೊಡಗುತ್ತದೆ. ಚೇತರಿಕೆಯ ವೇಳೆ ದಿನಕ್ಕೆ ಹಲವು ಲೀಟರ್ ಮೂತ್ರ ಹೋಗಬಹುದು. ಆಗ ಗುಣವಾಯಿತೆಂದು ಆಸ್ಪತ್ರೆ ಬಿಡದೆ, ನೀರು ಮತ್ತು ಲವಣಗಳ ನಷ್ಟವನ್ನು ವೈದ್ಯರು ತುಂಬಿಕೊಡುವವರೆಗೂ ಇರಬೇಕು. ಮನೆಗೆ ಬಂದ ಮೂರು ತಿಂಗಳ ಅನಂತರ ರಕ್ತದ ಕ್ರಿಯಾಟಿನಿನ್ ಮತ್ತು ರಕ್ತದೊತ್ತಡವನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿರಿ.