ಬಾಡಿಗೆ ಮನೆ ಕೊಡಿಸುವ ಕೆಲಸಕ್ಕೆ ಇಳಿಯುವವರಿಗೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಬಾಡಿಗೆ ಮನೆ ಹುಡುಕುವವರಲ್ಲಿ ವರ್ಗವಾಗಿ ಬಂದ ಮೇಷ್ಟ್ರು, ಬ್ಯಾಂಕಿನವರು, ಪೊಲೀಸರು ಇರುತ್ತಾರೆ. ಅವರಿಗೆ ಊರು ಹೊಸದು, ಮಕ್ಕಳ ಶಾಲೆ ಶುರುವಾಗಿರುತ್ತದೆ. ಅವರಿಗೂ ಮಾಲೀಕರಿಗೂ ನಡುವೆ ನಿಲ್ಲುವವರು ಮನೆಯ ಕೊರತೆಯನ್ನು ಅಡ್ವಾನ್ಸ್ ಕೈಬದಲಾಗುವ ಮೊದಲೇ ಹೇಳಬೇಕು. ಉಳಿದದ್ದನ್ನು ಕಲಿಯಬಹುದು.

ಹಂತ 1: ನೋಂದಣಿ
1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ಮಧ್ಯವರ್ತಿಗಳ ನೋಂದಣಿಯ ನಿಯಮವಿದೆ. ನಿಮ್ಮ ಊರಿಗೆ ಅದು ಹೇಗೆ ಅನ್ವಯಿಸುತ್ತದೆಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಏಜೆನ್ಸಿಗೆ ಸೇರುವುದಾದರೆ ಅದರ ನೋಂದಣಿ ಪತ್ರ ನೋಡಿಯೇ ಸೇರಿ.

ಹಂತ 2: ಬೀದಿ ಸುತ್ತಿ
ಟು-ಲೆಟ್ ಬೋರ್ಡ್ ಬೀಳುವ ಮುಂಚೆಯೇ ಯಾವ ಮನೆ ಖಾಲಿಯಾಗುತ್ತದೆಂದು ಹಾಲಿನವರಿಗೆ, ಇಸ್ತ್ರಿ ಅಂಗಡಿಯವರಿಗೆ ಗೊತ್ತಿರುತ್ತದೆ. ಆಷಾಢದಲ್ಲಿ ಮನೆ ಬದಲಿಸಿ ಹಾಲು ಉಕ್ಕಿಸುವವರು ಕಡಿಮೆ. ಆ ತಿಂಗಳು ಸುತ್ತಾಡಿ ಮನೆಗಳನ್ನು ಗುರುತಿಟ್ಟುಕೊಳ್ಳಿ, ಶ್ರಾವಣಕ್ಕೆ ಕೇಳುವವರು ಬರುತ್ತಾರೆ.

ಹಂತ 3: ನೀರು
ಇದಕ್ಕೇ ಹೆಚ್ಚು ಸಮಯ ಕೊಡಿ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಅಣೆಕಟ್ಟು, ಅಂದರೆ ನಮ್ಮ ಮಾರಿಕಣಿವೆ, 2022ರಲ್ಲಿ 89 ವರ್ಷಗಳ ನಂತರ ಕೋಡಿ ಬಿದ್ದಾಗ ಜಿಲ್ಲೆಯೇ ನೋಡಲು ಹೋಗಿತ್ತು. ನೀರಿನ ಬರ ಕಂಡವರ ಸಂಭ್ರಮ ಅದು. ಆದರೆ ಮಾರಿಕಣಿವೆ ತುಂಬಿದ ಮಾತ್ರಕ್ಕೆ ಪ್ರತಿ ಮನೆಯ ನಲ್ಲಿಗೂ ದಿನಾ ನೀರು ಬರುವುದಿಲ್ಲ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ? ಸಂಪು ಎಷ್ಟು ದೊಡ್ಡದು? ಬೋರು ಏಪ್ರಿಲ್‌ನಲ್ಲೂ ನೀರು ಕೊಡುತ್ತದೆಯೇ? ಮೋಟರ್ ಕರೆಂಟ್ ಬಿಲ್ ಯಾರ ಪಾಲು? ಮಾಲೀಕರನ್ನು ಕೇಳಿದ ಮೇಲೆ ಪಕ್ಕದ ಮನೆಯವರನ್ನೂ ಕೇಳಿ. ಬೋರ್ ನೀರಿನಲ್ಲಿ ಫ್ಲೋರೈಡ್ ಇರುವ ಜಿಲ್ಲೆಯಿದು. ಕುಡಿಯುವ ನೀರಿನ ಘಟಕ ಎಷ್ಟು ದೂರ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಹಂತ 4: ಮಾತುಕತೆ
ಉದಾಹರಣೆಗೆ, ಮಾಲೀಕರು 8,000 ಬಾಡಿಗೆ, 50,000 ಅಡ್ವಾನ್ಸ್ ಅನ್ನುತ್ತಾರೆ. ಬಂದವರ ಕೈಯಲ್ಲಿ 30,000 ಇದೆ. ಬಾಡಿಗೆಯನ್ನೇ ಜಗ್ಗಾಡಬೇಡಿ. “ಅಣ್ಣಾ, ಸರ್ಕಾರಿ ಸಂಬಳ, ತಿಂಗಳ ಮೊದಲ ವಾರ ಬಾಡಿಗೆ ಬರುತ್ತೆ. ಅಡ್ವಾನ್ಸ್ ಸ್ವಲ್ಪ ಇಳಿಸಿ, ಸುಣ್ಣಬಣ್ಣ ಅವರೇ ಮಾಡಿಸ್ಕೊಳ್ತಾರೆ” ಎಂದು ಕೇಳಿ ನೋಡಿ, ಬಂದವರ ಒಪ್ಪಿಗೆ ಪಡೆದ ಮೇಲೆ. ಮನೆ ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ ಎಂಬುದೂ ಈಗಲೇ ತೀರ್ಮಾನವಾಗಲಿ. ಮುಂದಿನ ಜಗಳಕ್ಕೆ ಅದೇ ಮೂಲ.

“ಯಾವ ಜನ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಆ ಪ್ರಶ್ನೆಯನ್ನು ಹೊತ್ತುಕೊಂಡು ಬಾಡಿಗೆದಾರರ ಬಳಿ ಹೋಗಬೇಡಿ. ಉದ್ಯೋಗ, ಎಷ್ಟು ಜನ, ಹಿಂದಿನ ಮಾಲೀಕರು ಏನೆನ್ನುತ್ತಾರೆ, ಇಷ್ಟನ್ನು ಹೇಳಿ. ಮನೆ ಕೊಡುವುದಕ್ಕೆ ಅಷ್ಟು ಸಾಕು. ಅದಕ್ಕೂ ಒಪ್ಪದ ಮನೆಯನ್ನು ನಿಮ್ಮ ಪಟ್ಟಿಯಿಂದ ತೆಗೆಯಿರಿ.

ಭೋಗ್ಯಕ್ಕೆ ಕೊಡಿಸುವಾಗ ಎಚ್ಚರ ಹೆಚ್ಚು ಬೇಕು: ಇಡುಗಂಟು ದೊಡ್ಡದು. ಖಾತೆ ಯಾರ ಹೆಸರಲ್ಲಿದೆ, ಮನೆಯ ಮೇಲೆ ಸಾಲವಿದೆಯೇ ನೋಡಿ, ಪತ್ರ ನೋಂದಣಿ ಮಾಡಿಸಿ.

ಹಂತ 5: ಕರಾರು
11 ತಿಂಗಳ ಕರಾರು ರೂಢಿಯಾಗಲು ಕಾರಣ, ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು ಎಂಬುದು. ಅಡ್ವಾನ್ಸ್, ನೋಟಿಸ್ ಅವಧಿ, ಬೆಸ್ಕಾಂ ಮೀಟರಿನ ಆರ್‌ಆರ್ ಸಂಖ್ಯೆ, ಆ ದಿನದ ರೀಡಿಂಗ್ ಎಲ್ಲವೂ ಕರಾರಿನಲ್ಲಿರಲಿ. ಹಳೆಯ ಬಾಡಿಗೆದಾರರ ಆಧಾರ್ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಆ ಮೀಟರಿಗೇ ಉಳಿದಿದ್ದರೆ ಬಿಡಿಸಲು ಹೇಳಿ, ಹೊಸಬರು ನೋಂದಾಯಿಸಿಕೊಳ್ಳಲಿ.

ಕಮಿಷನ್ ಎಷ್ಟೆಂದು ಮನೆ ತೋರಿಸುವ ಮುಂಚೆಯೇ ಎರಡೂ ಕಡೆಗೆ ಹೇಳಿ. ಬೀಗದ ಕೈ ಕೊಟ್ಟ ದಿನ ಪಡೆದು, ರಶೀದಿ ಕೊಡಿ.